ಪಿನ್ ಅರ್ಧಕ್ಕೇ ನಿಲ್ಲುತ್ತದೆ, ಸಲೀಸಾಗಿ ಹೋದದ್ದು ಹೊರಗೆ ಬರುತ್ತದೆ: ಕೈ ವಿಂಚ್‌ನ ಪಾಲ್ ಮತ್ತು ಲಿವರ್ ಪಿನ್ ಕೂರಿಸುವ ಬಗೆ

ಪ್ರಶ್ನೆ: ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಅಸೆಂಬ್ಲಿ ಶೆಡ್. ಪಾಲಿಹೌಸ್‌ನ ಪಕ್ಕದ ಪರದೆ ಸುತ್ತುವ ಕೈ ವಿಂಚ್ ಜೋಡಿಸುತ್ತೇವೆ. ಬಾಡಿ ಅಲ್ಯೂಮಿನಿಯಂ ಎರಕ. ತೂತು ರೀಮ್ ಆಗಿ (ಅಂದರೆ ನಿಖರ ಅಳತೆಗೆ ಕೆರೆದು ನುಣುಪಾಗಿ), ಪೌಡರ್ ಕೋಟಿಂಗ್ ಆಗಿ ನಮ್ಮ ಕೈಗೆ ಬರುತ್ತದೆ. ಒಳಗೆ ಹಲ್ಲುಚಕ್ರವನ್ನು ತಡೆಯುವ ಪಾಲ್ ಒಂದು, ಅದನ್ನು ಎತ್ತಿ ಬಿಡಿಸುವ ಲಿವರ್ ಒಂದು. ಎರಡಕ್ಕೂ 6 ಮಿ.ಮೀ. ಡೋವೆಲ್ ಪಿನ್ (ನುಣುಪಾದ ದುಂಡು ಉಕ್ಕಿನ ತುಂಡು), ಎರಡಕ್ಕೂ ಟಾರ್ಷನ್ ಸ್ಪ್ರಿಂಗ್ (ತಿರುಚಿದರೆ ಹಿಂದಕ್ಕೆ ತಳ್ಳುವ ಸುರುಳಿ). ಕೆಲವು ಬಾಡಿಯಲ್ಲಿ ಪಿನ್ ಅರ್ಧಕ್ಕೇ ನಿಲ್ಲುತ್ತದೆ, ಜೋರಾಗಿ ಹೊಡೆದರೆ ಬಾಡಿಯ ಕಿವಿ (ಪಿನ್ ತೂತಿರುವ, ಹೊರಚಾಚಿದ ಭಾಗ) ಸೀಳುತ್ತದೆ. ಇನ್ನು ಕೆಲವು ಸುಲಭವಾಗಿ ಹೋಗುತ್ತವೆ, ಆದರೆ ಕೆಲವು ತಿಂಗಳಲ್ಲೇ ಚಿಂತಾಮಣಿ, ಶಿಡ್ಲಘಟ್ಟ ಕಡೆಯ ತೋಟಗಳಿಂದ ‘ಪಿನ್ ಹೊರಗೆ ಬಂದಿದೆ’ ಎಂದು ವಾಪಸ್ ಬರುತ್ತವೆ. ಸ್ಪ್ರಿಂಗ್ ಹಿಡಿದುಕೊಂಡು ಪಿನ್ ತೂರಿಸುವಷ್ಟರಲ್ಲಿ ಹುಡುಗರ ಕೈ ಸೋಲುತ್ತದೆ. ಸರಿಯಾದ ಕ್ರಮ ಹೇಗೆ?

ಉತ್ತರ: ನೀವು ಹೇಳಿದ ಎರಡು ದೂರು, ಅಂದರೆ ಟೈಟಾಗುವುದು ಮತ್ತು ಲೂಸಾಗುವುದು, ಒಂದೇ ಕಡೆಯಿಂದ ಹುಟ್ಟುತ್ತವೆ. ಸುತ್ತಿಗೆಯನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ತೂತನ್ನೂ ಪಿನ್ನನ್ನೂ ಅಳೆಯಿರಿ.

ಅಂಗಡಿಯಲ್ಲಿ ಸಿಗುವ ಗಟ್ಟಿ ಮಾಡಿದ ಡೋವೆಲ್ ಪಿನ್ ಸಾಮಾನ್ಯವಾಗಿ ಎಂ6 (ಅಳತೆಯಲ್ಲಿ ಎಷ್ಟು ಏರಿಳಿತ ಒಪ್ಪಬಹುದು ಎಂಬುದರ ಒಂದು ದರ್ಜೆ) ಟಾಲರೆನ್ಸ್‌ನದು. 6 ಮಿ.ಮೀ. ಪಿನ್ ಎಂದರೆ ಅದರ ನಿಜವಾದ ವ್ಯಾಸ 6.004ರಿಂದ 6.012 ಮಿ.ಮೀ. ಒಳಗೆ ಎಲ್ಲಿ ಬೇಕಾದರೂ ಇರಬಹುದು. ನಿಮ್ಮ ತೂತು ಹೆಚ್7 ದರ್ಜೆಯ ರೀಮರ್‌ನದಾದರೆ 6.000ರಿಂದ 6.012. ಈಗ ಲೆಕ್ಕ ಹಾಕಿ. ಚಿಕ್ಕ ತೂತಿಗೆ ದಪ್ಪ ಪಿನ್ ಸಿಕ್ಕಿದರೆ 12 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗವೇ ಮೈಕ್ರಾನ್) ಬಿಗಿ. ದೊಡ್ಡ ತೂತಿಗೆ ತೆಳು ಪಿನ್ ಸಿಕ್ಕಿದರೆ 8 ಮೈಕ್ರಾನ್ ಸಡಿಲ. ಎರಡೂ ಡ್ರಾಯಿಂಗ್ ಪ್ರಕಾರ ಸರಿಯೇ, ಇನ್‌ಸ್ಪೆಕ್ಷನ್‌ನಲ್ಲಿ ಎರಡೂ ಪಾಸ್. ಒಂದೇ ಡಬ್ಬಿಯ ಪಿನ್, ಒಂದೇ ಲಾಟ್‌ನ ಬಾಡಿ, ಆದರೂ ಒಂದು ಸಿಕ್ಕಿಬೀಳುತ್ತದೆ, ಇನ್ನೊಂದು ಬೆರಳಿಗೇ ಜಾರುತ್ತದೆ. ಹುಡುಗರ ಕೈಚಳಕದಲ್ಲಿ ದೋಷವಿಲ್ಲ.

ಇದರ ಮೇಲೆ ಪೌಡರ್ ಕೋಟಿಂಗ್. ಅದರ ಪದರ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್. ತೂತಿನ ಒಳಗೆ ಅದು ಎರಡೂ ಬದಿಯಿಂದ ಕೂರುವುದರಿಂದ ವ್ಯಾಸ 120ರಿಂದ 160 ಮೈಕ್ರಾನ್‌ವರೆಗೆ ಕಡಿಮೆಯಾಗಬಹುದು. ಸಣ್ಣ ತೂತಿನ ಆಳಕ್ಕೆ ಪುಡಿ ಅಷ್ಟಾಗಿ ಇಳಿಯುವುದಿಲ್ಲ, ಬಾಯಲ್ಲೇ ದಪ್ಪಗೆ ಕಟ್ಟುತ್ತದೆ. ಪಿನ್ ಅದನ್ನು ಕೆರೆದುಕೊಂಡು ಒಳಗೆ ಹೋಗುತ್ತದೆ, ಕೆರೆದ ಪುಡಿ ಮುಂದೆ ಉಂಡೆಗಟ್ಟುತ್ತದೆ, ಪಿನ್ ಅರ್ಧಕ್ಕೆ ನಿಲ್ಲುತ್ತದೆ. ನಿಂತ ಪಿನ್ನನ್ನು ಹೊರಗೆ ತಳ್ಳಿ ತುದಿ ನೋಡಿ: ಬಣ್ಣದ ಚೂರು ಅಂಟಿದ್ದರೆ ಕಾರಣ ಇದೇ. ಕೋಟಿಂಗ್ ಮಾಡುವವರಿಗೆ ಹೇಳಿ, ಪುಡಿ ಹೊಡೆಯುವ ಮೊದಲು ನಾಲ್ಕೂ ತೂತಿಗೆ ಸಿಲಿಕೋನ್ ರಬ್ಬರ್ ಬಿರಡೆ ಹಾಕಿಸಿ. ಓವನ್ನಿನ 200 ಡಿಗ್ರಿಯನ್ನು ಅದು ತಾಳುತ್ತದೆ, ಮತ್ತೆ ಮತ್ತೆ ಬಳಸಬಹುದು. ಈಗಾಗಲೇ ಬಂದಿರುವ ಲಾಟ್‌ಗೆ ಡ್ರಿಲ್ ಬಿಟ್ ಹಾಕಬೇಡಿ, ತೂತು ದೊಡ್ಡದಾಗಿ ಹೋಗುತ್ತದೆ. 6 ಮಿ.ಮೀ. ಹ್ಯಾಂಡ್ ರೀಮರ್ ಅನ್ನು ಟ್ಯಾಪ್ ಹ್ಯಾಂಡಲ್‌ಗೆ ಕಟ್ಟಿ, ಎರಡು ಹನಿ ಸೀಮೆಎಣ್ಣೆ ಬಿಟ್ಟು, ಕೈಯಲ್ಲೇ ತಿರುಗಿಸಿ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಬಲಕ್ಕೇ ತಿರುಗಬೇಕು. ಹಿಂದಕ್ಕೆ ತಿರುಗಿಸಿದರೆ ಚೂರು ಅಂಚಿಗೆ ಸಿಕ್ಕಿ ತೂತನ್ನೂ ಕೆಡಿಸುತ್ತದೆ, ರೀಮರ್ ಹಲ್ಲನ್ನೂ ಕೆಡಿಸುತ್ತದೆ.

ಬಣ್ಣವಿಲ್ಲದ ಬಾಡಿಯಲ್ಲೂ ನಿಲ್ಲುತ್ತಿದ್ದರೆ ಎರಡು ಕಿವಿಗಳ ತೂತು ಒಂದೇ ನೇರದಲ್ಲಿಲ್ಲ. 6 ಮಿ.ಮೀ. ಗ್ರೌಂಡ್ ಸಿಲ್ವರ್ ಸ್ಟೀಲ್ ರಾಡ್‌ನಲ್ಲಿ 100 ಮಿ.ಮೀ. ತುಂಡು ಕತ್ತರಿಸಿ, ತುದಿ ದುಂಡಗೆ ಮಾಡಿ, ಮೈಕ್ರೋಮೀಟರ್‌ನಲ್ಲಿ 5.98ರಿಂದ 5.99 ಇರುವುದನ್ನು ಆರಿಸಿಟ್ಟುಕೊಳ್ಳಿ. ಅದು ಒಂದೊಂದು ಕಿವಿಗೆ ಬಿಡಿಯಾಗಿ ಹೋಗಿ, ಎರಡಕ್ಕೂ ಒಟ್ಟಿಗೆ ಹೋಗದಿದ್ದರೆ ತೂತುಗಳನ್ನು ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಹೊಡೆದಿದ್ದಾರೆ ಎಂದರ್ಥ. ಎರಡೂ ಕಿವಿಯನ್ನು ಒಂದೇ ಹಿಡಿತದಲ್ಲಿ, ಒಂದೇ ಕಡೆಯಿಂದ, 5.8 ಡ್ರಿಲ್ ಹೊಡೆದು ಅದೇ ನೇರದಲ್ಲಿ ರೀಮರ್ ಇಳಿಸಬೇಕು. ಅಲ್ಯೂಮಿನಿಯಂನಲ್ಲಿ ಚೂರು ರೀಮರ್ ಅಂಚಿಗೆ ಅಂಟಿಕೊಂಡರೆ ತೂತು ಹೇಳದೆ ಕೇಳದೆ 20, 30 ಮೈಕ್ರಾನ್ ದೊಡ್ಡದಾಗುತ್ತದೆ. ಸೀಮೆಎಣ್ಣೆಯೋ ಕಟಿಂಗ್ ಆಯಿಲ್ಲೋ ಧಾರಾಳವಾಗಿರಲಿ, ಹತ್ತು ಹದಿನೈದು ತೂತಿಗೊಮ್ಮೆ ರೀಮರ್ ಅಂಚನ್ನು ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಲಿ.

ಈಗ ಕಿವಿ ಸೀಳುವ ವಿಚಾರ. ಎರಡೂ ಕಿವಿಯಲ್ಲಿ ಪಿನ್ ಬಿಗಿಯಾಗಿರಬೇಕು ಎಂದು ಯಾರೋ ಹೇಳಿರಬೇಕು. ಅದೇ ತಪ್ಪು. ಬಾಡಿಯನ್ನು ಮೇಜಿನ ಮೇಲೆ ಮಲಗಿಸಿ ಮೇಲಿನ ಕಿವಿಗೆ ಪಿನ್ ಹೊಡೆದಾಗ, ಆ ಕಿವಿಯ ಕೆಳಗೆ ಬರೀ ಗಾಳಿ. ಹೊಡೆತವೆಲ್ಲ ಕಿವಿಯ ಬುಡಕ್ಕೆ ಬೀಳುತ್ತದೆ. ಎರಕದ ಅಲ್ಯೂಮಿನಿಯಂ ಬಾಗುವ ಲೋಹವಲ್ಲ, ಸ್ವಲ್ಪ ಬಾಗುವಷ್ಟರಲ್ಲಿ ಸೀಳುತ್ತದೆ. ಆದ್ದರಿಂದ ಪಿನ್ ಒಳಹೋಗುವ ಕಡೆಯ ಕಿವಿಯನ್ನು 6.02 ಮಿ.ಮೀ. ರೀಮರ್‌ನಲ್ಲಿ ಹೊಡೆಸಿ, ಎದುರಿನದನ್ನು ಮಾತ್ರ 6 ಹೆಚ್7 ಇಡಿ. ಆಗ ಪಿನ್ ಮೊದಲ ಕಿವಿ, ಪಾಲ್, ಸ್ಪ್ರಿಂಗ್ ಎಲ್ಲವನ್ನೂ ಬೆರಳಿನಲ್ಲೇ ದಾಟುತ್ತದೆ. ಕೊನೆಯ ಏಳೆಂಟು ಮಿ.ಮೀ. ಮಾತ್ರ ಬಲ ಬೇಕು, ಅಷ್ಟರಲ್ಲಿ ಬಲ ಬೀಳುವ ಕಿವಿ ಕೆಳಗಿನದು, ಅದಕ್ಕೆ ಕೆಳಗಿನಿಂದ ಆಧಾರ ಕೊಡಬಹುದು. ಪರದೆ ಸುತ್ತುವ ಯಂತ್ರಕ್ಕೆ ಒಂದು ಕಡೆ 10, 20 ಮೈಕ್ರಾನ್ ಆಟವಿದ್ದರೆ ಏನೂ ಬಾಧಕವಿಲ್ಲ.

ಪಾಲ್‌ನ ತೂತು ಮಾತ್ರ ಯಾವತ್ತೂ ಪಿನ್‌ಗಿಂತ ಸಡಿಲವಿರಲೇಬೇಕು, 6.03ರಿಂದ 6.05 ಒಳ್ಳೆಯ ಅಳತೆ. ಕಿವಿಯಲ್ಲಿ ಪಿನ್ ನಿಲ್ಲಬೇಕು, ಪಾಲ್ ಪಿನ್ ಮೇಲೆ ತಿರುಗಬೇಕು. ಇದು ತಲೆಕೆಳಗಾಗಿ ಪಾಲ್ ಪಿನ್ನನ್ನು ಕಚ್ಚಿಕೊಂಡರೆ, ಒಂದೊಂದು ಹಲ್ಲು ದಾಟಿದಾಗಲೂ ಪಿನ್ ಕಿವಿಯೊಳಗೆ ತಿರುಗುತ್ತದೆ, ಮೆತ್ತನೆಯ ಅಲ್ಯೂಮಿನಿಯಂ ಸವೆಯುತ್ತದೆ, ಆಮೇಲೆ ಪಿನ್ ಒಂದು ಕಡೆಗೆ ನಡೆಯತೊಡಗುತ್ತದೆ. ವಾಪಸ್ ಬಂದ ವಿಂಚ್‌ಗಳಲ್ಲಿ ಮೊದಲು ಇದನ್ನೇ ನೋಡಿ: ಪಿನ್ ಮೇಲೆ ತುಕ್ಕು ಹಿಡಿದು ಪಾಲ್ ಅದಕ್ಕೆ ಅಂಟಿಕೊಂಡಿದೆಯೇ? ಪಾಲಿಹೌಸ್ ಒಳಗಿನ ತೇವ, ಗೊಬ್ಬರದ ನೀರು, ತಾಮ್ರದ ಶಿಲೀಂಧ್ರನಾಶಕ ಮೂರೂ ಸೇರಿದ ಜಾಗ ಅದು. ಸತುವಿನ ಲೇಪದ ಪಿನ್‌ಗೆ ಅಲ್ಲಿ ಹೆಚ್ಚು ಬಾಳಿಕೆಯಿಲ್ಲ. ಜೊತೆಗೆ 5ರಿಂದ 8 ಮೈಕ್ರಾನ್ ಲೇಪವೆಂದರೆ ವ್ಯಾಸಕ್ಕೆ 10ರಿಂದ 16 ಮೈಕ್ರಾನ್ ಸೇರಿದಂತೆ, ಅಳತೆಯ ಲೆಕ್ಕವೇ ತಪ್ಪುತ್ತದೆ. ಸ್ಟೇನ್‌ಲೆಸ್ ಪಿನ್ ಬಳಸಿ, ಪಾಲ್ ಕೂರುವ ಜಾಗಕ್ಕೆ ಲೀಥಿಯಂ ಗ್ರೀಸ್ ತೆಳ್ಳಗೆ ಸವರಿ. ಗ್ರಾಫೈಟ್ ಗ್ರೀಸ್ ಬೇಡವೇ ಬೇಡ. ತೇವದ ಜಾಗದಲ್ಲಿ ಗ್ರಾಫೈಟ್ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ.

ಬೇಸಿಗೆಯ ಕಾವಿಗೆ ಅಲ್ಯೂಮಿನಿಯಂ ಹಿಗ್ಗಿ ಪಿನ್ ಸಡಿಲವಾಗುತ್ತದೆ ಎಂದು ನಿಮ್ಮ ಗಿರಾಕಿಗಳು ಹೇಳಬಹುದು. ಎರಕದ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 20 ಮೈಕ್ರಾನ್ ಹಿಗ್ಗುತ್ತದೆ, ಉಕ್ಕು ಸುಮಾರು 12. 6 ಮಿ.ಮೀ. ತೂತಿಗೆ 20 ಡಿಗ್ರಿ ಏರಿದರೆ ವ್ಯತ್ಯಾಸ ಒಂದು ಮೈಕ್ರಾನ್. ಅದರಿಂದ ಪಿನ್ ಬೀಳುವುದಿಲ್ಲ. ಆದರೆ ಇದೇ ಲೆಕ್ಕ ಜೋಡಿಸುವಾಗ ನಿಮಗೆ ಉಪಯೋಗಕ್ಕೆ ಬರುತ್ತದೆ: ಬಾಡಿಯ ಆ ಕಿವಿಯನ್ನು ಹಾಟ್ ಏರ್ ಗನ್‌ನಲ್ಲಿ 120, 130 ಡಿಗ್ರಿವರೆಗೆ ಕಾಯಿಸಿದರೆ ತೂತು ಸುಮಾರು 12 ಮೈಕ್ರಾನ್ ತೆರೆದುಕೊಳ್ಳುತ್ತದೆ, ಬಿಗಿ ಪಿನ್ನೂ ತಳ್ಳಿದರೆ ಹೋಗುತ್ತದೆ. ಪೌಡರ್ ಕೋಟಿಂಗ್‌ಗೆ ಆ ಬಿಸಿಯಿಂದ ತೊಂದರೆಯಿಲ್ಲ. ಪಿನ್ನನ್ನು ಫ್ರೀಜರ್‌ನಲ್ಲಿಡುವ ಪದ್ಧತಿಯಿಂದ ಸಿಗುವುದು ಮೂರು ಮೈಕ್ರಾನ್ ಮಾತ್ರ, ಹೊರತೆಗೆದ ಕೂಡಲೇ ಪಿನ್ ಬೆವರುತ್ತದೆ. ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು.

ಸ್ಪ್ರಿಂಗ್ ಹಿಡಿಯುವ ಕಷ್ಟಕ್ಕೆ ಪರಿಹಾರ ಡಮ್ಮಿ ಪಿನ್. ಕಿವಿಗಳ ನಡುವಿನ ಅಂತರ 16 ಮಿ.ಮೀ. ಎಂದಿಟ್ಟುಕೊಳ್ಳಿ, 5.9 ಮಿ.ಮೀ. ದಪ್ಪ, 15.6 ಮಿ.ಮೀ. ಉದ್ದದ ಹಿತ್ತಾಳೆ ಅಥವಾ ನೈಲಾನ್ ತುಂಡು ಮಾಡಿಸಿ, ಎರಡೂ ತುದಿ ದುಂಡಗಿರಲಿ. ಬಾಡಿಯ ಹೊರಗೆ, ಮೇಜಿನ ಮೇಲೆ ಆರಾಮವಾಗಿ ಪಾಲ್‌ಗೆ ಸ್ಪ್ರಿಂಗ್ ಕೂರಿಸಿ, ಅದರ ಕಾಲನ್ನು ಪಾಲ್‌ನ ತೋಡಿಗೆ ಸಿಕ್ಕಿಸಿ, ವಾಷರ್ ಇದ್ದರೆ ಇಟ್ಟು, ಎಲ್ಲದರ ಮೂಲಕ ಡಮ್ಮಿ ಪಿನ್ ತೂರಿಸಿ. ಈಗ ಅದೊಂದು ಇಡಿಯಾದ ಗಂಟು, ಬಿಚ್ಚಿಹೋಗುವುದಿಲ್ಲ. ಅದನ್ನು ಎರಡು ಕಿವಿಗಳ ನಡುವೆ ಇಳಿಸಿ, ಸ್ಪ್ರಿಂಗ್‌ನ ಇನ್ನೊಂದು ಕಾಲನ್ನು ಬಾಡಿಯ ಮೆಟ್ಟಿಲಿಗೆ ತಾಗಿಸಿ, ಹೆಬ್ಬೆರಳಿನಲ್ಲಿ ಒತ್ತಿ ತೂತುಗಳನ್ನು ನೇರ ಮಾಡಿ. ಮೊದಲ ಕಿವಿಯಿಂದ ನಿಜವಾದ ಪಿನ್ ತಳ್ಳುತ್ತಾ ಬಂದರೆ ಅದು ಡಮ್ಮಿಯನ್ನು ಎದುರಿನ ಕಿವಿಯಿಂದ ಹೊರಗೆ ದೂಡುತ್ತದೆ. ಒಂದೇ ಎಚ್ಚರಿಕೆ: ಎರಡು ಪಿನ್‌ಗಳ ತುದಿ ಕೊನೆಯವರೆಗೂ ಒಂದಕ್ಕೊಂದು ತಾಗಿಯೇ ಇರಬೇಕು. ನಡುವೆ ಸಂದು ಬಿಟ್ಟರೆ ಆ ಕ್ಷಣಕ್ಕೆ ಸ್ಪ್ರಿಂಗ್ ಪಾಲ್ ಅನ್ನು ಓರೆಗೆ ಎಳೆದು ದಾರಿ ಮುಚ್ಚುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಯಾರೂ ಈ ಮೇಜಿಗೆ ಕೂರಬಾರದು. 1.2 ಮಿ.ಮೀ. ತಂತಿಯ ಸ್ಪ್ರಿಂಗ್ ಹಾರಿ ಕಣ್ಣಿಗೆ ಬಡಿದರೆ ಕಳೆದದ್ದು ಬರುವುದಿಲ್ಲ.

ಮೊದಲು ಪಾಲ್, ಆಮೇಲೆ ಲಿವರ್. ಪಾಲ್ ಒಳಗೆ ಆಳದಲ್ಲಿದೆ, ಲಿವರ್ ಕೂತರೆ ಅದಕ್ಕೆ ಕೈ ಹೋಗುವ ದಾರಿಯೇ ಮುಚ್ಚುತ್ತದೆ. ಪಾಲ್ ಪಿನ್ ಕೂತ ಮೇಲೆ ಒಮ್ಮೆ ಹಲ್ಲುಚಕ್ರ ತಿರುಗಿಸಿ, ಟಕ್ ಟಕ್ ಎಂದು ತಡವಿಲ್ಲದೆ ಬೀಳುತ್ತದೆಯೇ ನೋಡಿ, ಆಮೇಲಷ್ಟೇ ಲಿವರ್‌ಗೆ ಕೈ ಹಾಕಿ.

ಹೊಡೆಯುವ ಸಾಮಾನು ಸರಳ. ಕೆಳಗೆ ನೈಲಾನ್ ಅಥವಾ ಗಟ್ಟಿ ಮರದ ಬ್ಲಾಕ್, ಅದರಲ್ಲಿ ಡಮ್ಮಿ ಪಿನ್ ಬೀಳಲು 8 ಮಿ.ಮೀ. ತೂತು, ಕಿವಿ ಆ ತೂತಿನ ಸುತ್ತ ಚಪ್ಪಟೆಯಾಗಿ ಕೂರಬೇಕು. ಮೇಲೆ 5.5 ಮಿ.ಮೀ. ಹಿತ್ತಾಳೆ ಪಂಚ್, 100ರಿಂದ 200 ಗ್ರಾಂ ಸುತ್ತಿಗೆ. ಕಿವಿಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ ತೂತಿನಷ್ಟು ಕತ್ತರಿಸಿದರೆ ಪಂಚ್ ಜಾರಿದರೂ ಬಣ್ಣ ಏಳುವುದಿಲ್ಲ. ಡೋವೆಲ್ ಪಿನ್‌ನ ಎರಡು ತುದಿ ಒಂದೇ ತರ ಇರುವುದಿಲ್ಲ. ಇಳಿಜಾರಾಗಿ ಕೊರೆದ ತುದಿ ಮುಂದೆ ಹೋಗಬೇಕು, ಗುಮ್ಮಟದಂಥ ತುದಿ ಹೊಡೆತಕ್ಕೆ. ಉಲ್ಟಾ ಹಾಕಿದರೆ ಅಂಚು ಅಲ್ಯೂಮಿನಿಯಂ ಅನ್ನು ಉಳಿಯಂತೆ ಕೆತ್ತುತ್ತದೆ. ನಾಲ್ಕೈದು ಸಣ್ಣ ಏಟಿಗೆ ಪಿನ್ ಜರುಗದಿದ್ದರೆ ನಿಲ್ಲಿಸಿ, ಹೊರಗೆ ತಳ್ಳಿ, ಕಾರಣ ಹುಡುಕಿ. ದಿನಕ್ಕೆ ಐವತ್ತಕ್ಕಿಂತ ಹೆಚ್ಚು ಜೋಡಿಸುವ ಶೆಡ್ ಆದರೆ ಒಂದು ಟನ್‌ನ ಆರ್ಬರ್ ಪ್ರೆಸ್ (ಹಿಡಿ ಎಳೆದು ಒತ್ತುವ ಕೈಯಂತ್ರ) ತೆಗೆದುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಪ್ರೆಸ್ಸಿನ ದೊಡ್ಡ ಗುಣವೆಂದರೆ ಹಿಡಿಯಲ್ಲಿ ಬಿಗಿ ಎಷ್ಟಿದೆ ಎಂಬುದು ಕೈಗೆ ಗೊತ್ತಾಗುತ್ತದೆ. ಸುತ್ತಿಗೆಯಲ್ಲಿ ಅದು ಗೊತ್ತಾಗುವಷ್ಟರಲ್ಲಿ ಕಿವಿ ಹೋಗಿರುತ್ತದೆ.

ಇನ್ನು ಸ್ಪ್ರಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ‘ಪಾಲ್ ನಿಧಾನವಾಗಿ ಬೀಳುತ್ತದೆ’ ಎಂಬ ದೂರು ಇಂದಲ್ಲ ನಾಳೆ ಬಂದೇ ಬರುತ್ತದೆ. ಟಾರ್ಷನ್ ಸ್ಪ್ರಿಂಗ್ ಸುತ್ತಿಕೊಂಡಾಗ ಅದರ ಒಳವ್ಯಾಸ ಕುಗ್ಗುತ್ತದೆ. 1.2 ಮಿ.ಮೀ. ತಂತಿ, ಐದು ಸುತ್ತು, ಒಳವ್ಯಾಸ 6.4 ಇರುವ ಸ್ಪ್ರಿಂಗ್ ತೆಗೆದುಕೊಳ್ಳಿ. ಸರಾಸರಿ ವ್ಯಾಸ 7.6. ಅದನ್ನು 90 ಡಿಗ್ರಿ, ಅಂದರೆ ಕಾಲು ಸುತ್ತು, ಬಿಗಿ ಮಾಡಿದರೆ ಐದು ಸುತ್ತು ಐದೂಕಾಲು ಆಗುತ್ತದೆ, ಸರಾಸರಿ ವ್ಯಾಸ 7.24ಕ್ಕೆ ಇಳಿಯುತ್ತದೆ, ಒಳವ್ಯಾಸ 6.04. ಪಿನ್‌ಗೂ ಅದಕ್ಕೂ ಕೂದಲೆಳೆಯ ಅಂತರ. ಒಟ್ಟು 120 ಡಿಗ್ರಿ ಆದರೆ 5.93ಕ್ಕೆ ಇಳಿಯಬೇಕು, ಆದರೆ ನಡುವೆ 6 ಮಿ.ಮೀ. ಪಿನ್ ಇದೆ, ಸ್ಪ್ರಿಂಗ್ ಪಿನ್ನನ್ನು ಬಿಗಿದಪ್ಪಿಕೊಳ್ಳುತ್ತದೆ. ಪಾಲ್ ಮಂದವಾಗುತ್ತದೆ, ಪಿನ್ ಕೂಡ ಜೊತೆಗೆ ತಿರುಗತೊಡಗುತ್ತದೆ. ಸ್ಪ್ರಿಂಗ್ ಮಾಡುವವರಿಗೆ ಒಳವ್ಯಾಸ 6.8 ಎಂದು ಹೇಳಿ. ಆಗ 120 ಡಿಗ್ರಿಗೂ 6.3 ಉಳಿಯುತ್ತದೆ. ಬಿಗಿಯಾದಾಗ ಅದರ ಉದ್ದವೂ ಸ್ವಲ್ಪ ಬೆಳೆಯುತ್ತದೆ, ಕಾಲು ಸುತ್ತಿಗೆ ತಂತಿಯ ಕಾಲು ಭಾಗ, ಅಂದರೆ 0.3 ಮಿ.ಮೀ. ಕಿವಿಗಳ ನಡುವೆ ಅಷ್ಟು ಜಾಗ ಬಿಡದಿದ್ದರೆ ಪಕ್ಕಕ್ಕೆ ಉಜ್ಜುತ್ತದೆ. ಸುರುಳಿ ಬಿಚ್ಚುವ ದಿಕ್ಕಿನಲ್ಲಿ ಹೊರೆ ಬೀಳಬಾರದು, ಸುತ್ತುವ ದಿಕ್ಕಿನಲ್ಲೇ ಬೀಳಬೇಕು. ಪಾಲಿಹೌಸ್‌ನ ಎಡ ಬದಿಗೂ ಬಲ ಬದಿಗೂ ವಿಂಚ್ ಕನ್ನಡಿಬಿಂಬದಂತೆ ತಯಾರಾಗುವುದಾದರೆ ಎಡಸುರುಳಿ, ಬಲಸುರುಳಿ ಎರಡು ಬೇರೆ ಸ್ಪ್ರಿಂಗ್ ಬೇಕು, ಎರಡು ಬೇರೆ ಡಬ್ಬಿಯಲ್ಲಿರಬೇಕು, ಒಂದಕ್ಕೆ ಬಣ್ಣದ ಚುಕ್ಕೆ ಇರಲಿ.

ಪಿನ್ ಹೊರಗೆ ಬಾರದಂತೆ ಮಾಡಲು ಬರೀ ಬಿಗಿಯನ್ನು ನಂಬುವುದು ಸರಿಯಲ್ಲ; ಮೇಲೆ ಕಂಡ ಹಾಗೆ ಎಂ6 ಪಿನ್, ಹೆಚ್7 ತೂತು ಬಿಗಿಯ ಭರವಸೆ ಕೊಡುವುದೇ ಇಲ್ಲ. ಈಗಿನ ಡ್ರಾಯಿಂಗ್ ಬದಲಿಸಲು ಗಿರಾಕಿ ಒಪ್ಪದಿದ್ದರೆ ಲಾಕ್‌ಟೈಟ್ 641ರಂಥ ರಿಟೈನಿಂಗ್ ಅಂಟು ಬಳಸಿ. ಅದನ್ನು ಪಿನ್‌ಗೆ ಸವರಬೇಡಿ. ಸವರಿದರೆ ಪಿನ್ ಪಾಲ್ ದಾಟುವಾಗ ಅಂಟು ಅಲ್ಲೇ ಉಳಿದು ಪಾಲ್‌ಗೇ ಅಂಟುತ್ತದೆ. ಎದುರಿನ ಕಿವಿಯ ತೂತಿನ ಒಳಗೋಡೆಗೆ, ಹೊರಬದಿಯಿಂದ, ಕಡ್ಡಿಯ ತುದಿಯಲ್ಲಿ ಒಂದೇ ಹನಿ. ಡಮ್ಮಿ ಪಿನ್ ಮತ್ತು ಅದರ ಹಿಂದೆ ಬರುವ ಪಿನ್ ಅದನ್ನು ಹೊರಕ್ಕೇ ತಳ್ಳುತ್ತವೆ, ಒರೆಸಿಬಿಡಿ. ತೂತು ಎಣ್ಣೆ, ಸೀಮೆಎಣ್ಣೆ ಇಲ್ಲದೆ ತೊಳೆದು ಒಣಗಿರಬೇಕು. ಈ ಅಂಟು ಗಾಳಿಯಿಲ್ಲದ ಸಂದಿನಲ್ಲಿ ಲೋಹ ತಾಗಿದಾಗ ಗಟ್ಟಿಯಾಗುವಂಥದು, ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ನಡುವೆ ನಿಧಾನ. 24 ಗಂಟೆ ಕಳೆಯುವ ಮೊದಲು ಪರೀಕ್ಷೆಗೆ ಹಾಕಬೇಡಿ, ಪ್ಯಾಕ್ ಮಾಡಬೇಡಿ.

ಡ್ರಾಯಿಂಗ್ ಬದಲಿಸುವ ಅವಕಾಶವಿದ್ದರೆ ಡೋವೆಲ್ ಪಿನ್ನನ್ನೇ ಬಿಡಿ ಎಂಬುದು ಸ್ಪಷ್ಟ ಸಲಹೆ. ಒಂದು ಕಡೆ ತಲೆಯಿರುವ, ಇನ್ನೊಂದು ಕಡೆ ಇ-ಕ್ಲಿಪ್ (ಇಂಗ್ಲಿಷ್ ಇ ಅಕ್ಷರದಾಕಾರದ ತಡೆ ಕ್ಲಿಪ್) ಕೂರುವ ತೋಡಿರುವ ಪಿನ್ ಮಾಡಿಸಿ. ಗಟ್ಟಿ ಮಾಡಿದ ಡೋವೆಲ್‌ಗೆ ಸಾಮಾನ್ಯ ಲೇತ್ ಟೂಲ್‌ನಲ್ಲಿ ತೋಡು ಕೊರೆಯಲಾಗುವುದಿಲ್ಲ, ಟೂಲ್ ಸುಡುತ್ತದೆ. 10 ಮಿ.ಮೀ. 304 ಸ್ಟೇನ್‌ಲೆಸ್ ರಾಡ್‌ನಿಂದ ತಲೆ ಬಿಟ್ಟು, ಕಾಂಡವನ್ನು 5.97ರಿಂದ 6.00ರೊಳಗೆ ತಿರುವಿಸಿ. 5ರ ಇ-ಕ್ಲಿಪ್ 6 ಮಿ.ಮೀ. ಕಾಂಡಕ್ಕೆ ಹೊಂದುತ್ತದೆ, ತೋಡಿನ ವ್ಯಾಸ 5 ಮಿ.ಮೀ., ಅಗಲ ಮುಕ್ಕಾಲು ಮಿ.ಮೀ.ಗೆ ಒಂದು ಕೂದಲೆಳೆ ಕಡಿಮೆ. ಎರಡೂ ಕಿವಿ ಹೆಚ್7 ಇರಲಿ, ಪಿನ್ ಬೆರಳಿನಲ್ಲೇ ಹೋಗುತ್ತದೆ. ಸುತ್ತಿಗೆಯೇ ಬೇಡ, ಕಿವಿ ಸೀಳುವ ಪ್ರಶ್ನೆಯೇ ಇಲ್ಲ. ಪಿನ್ ಬೆಲೆ ಹೆಚ್ಚಾಗುತ್ತದೆ, ನಿಜ. ಆದರೆ ಚಿಂತಾಮಣಿಯ ರೈತರೊಬ್ಬರು ಬಾಗೇಪಲ್ಲಿಗೋ ಗೌರಿಬಿದನೂರಿಗೋ ವಿಂಚ್ ಹೊತ್ತು ತರದೆ, ತೋಟದಲ್ಲೇ ಒಂದು ಇಕ್ಕಳದಲ್ಲಿ ಪಾಲ್ ಬದಲಿಸಿಕೊಳ್ಳಬಹುದು. ಗಾಳಿ ಮಳೆ ಬರುವ ಸಂಜೆ ಪರದೆ ಇಳಿಯದೆ ನಿಂತರೆ ಆಗುವ ನಷ್ಟ ಅವರದು.

ರೋಲ್ ಪಿನ್ ಹಾಕಿ, ಡ್ರಿಲ್ ತೂತೇ ಸಾಕು ಎಂದು ಕೆಲವರು ಹೇಳುತ್ತಾರೆ. ಸೀಳುಳ್ಳ 6 ಮಿ.ಮೀ. ರೋಲ್ ಪಿನ್ ಬಿಡಿಯಾಗಿ 6.4ರಿಂದ 6.7 ಇರುತ್ತದೆ, 6.00ರಿಂದ 6.12ರ ತೂತಿನಲ್ಲಿ ಅಮುಕಿಕೊಂಡು ಕೂರುತ್ತದೆ. ಹ್ಯಾಂಡಲ್ ಅನ್ನು ಶಾಫ್ಟ್‌ಗೆ ಕಟ್ಟಲು ಅದು ಬಹಳ ಚೆನ್ನ. ಪಾಲ್ ತಿರುಗುವ ಪಿನ್‌ಗೆ ಬೇಡ. ಸೀಳಿನ ಅಂಚು ಪಾಲ್‌ನ ತೂತನ್ನು ಕೆರೆಯುತ್ತಲೇ ಇರುತ್ತದೆ. ಹ್ಯಾಂಡಲ್‌ಗೆ ಹೊಡೆಯುವಾಗ ತುದಿಯಲ್ಲಿ ಸಣ್ಣ ಮೊಳೆಯಂಥ ಉಬ್ಬಿರುವ ರೋಲ್ ಪಿನ್ ಪಂಚ್ ಬಳಸಿ, ಚಪ್ಪಟೆ ಪಂಚ್ ಅದರ ಬಾಯನ್ನು ಮಡಚುತ್ತದೆ.

ಜೋಡಿಸಿದ ಮೇಲೆ ಪ್ರತಿಯೊಂದಕ್ಕೂ ಮೂರು ನೋಟ ಸಾಕು. ಪಿನ್ ತುದಿ ಕಿವಿಯ ಮಟ್ಟಕ್ಕೋ 0.2 ಮಿ.ಮೀ. ಒಳಗೋ ಇರಲಿ. ಎದುರಿನಿಂದ ಕಡ್ಡಿಯಿಟ್ಟು ಹೆಬ್ಬೆರಳಿನ ಪೂರ್ತಿ ಬಲದಲ್ಲಿ ಒತ್ತಿದರೆ ಅದು ಅಲುಗಬಾರದು. ಪಾಲ್ ಅನ್ನು ಎತ್ತಿ ಬಿಟ್ಟರೆ ಪ್ರತಿ ಸಲವೂ ಅದೇ ವೇಗದಲ್ಲಿ ಬೀಳಬೇಕು. ಲಾಟ್‌ಗೆ ಒಂದು ಬಾಡಿಯನ್ನು ಸ್ಪ್ರಿಂಗ್ ಇಲ್ಲದೆಯೂ ಜೋಡಿಸಿ ನೋಡಿ: ಪಾಲ್ ತನ್ನ ತೂಕಕ್ಕೇ ಜಾರಿ ಬೀಳದಿದ್ದರೆ ಎಲ್ಲೋ ಉಜ್ಜುತ್ತಿದೆ, ಸ್ಪ್ರಿಂಗ್ ಅದನ್ನು ಮುಚ್ಚಿಡುತ್ತದೆ ಅಷ್ಟೇ.

ಈಗಾಗಲೇ ಸೀಳಿರುವ ಕಿವಿಗಳಿಗೆ ಎಪಾಕ್ಸಿ ಹಚ್ಚಿ ಕಳಿಸಬೇಡಿ. ವೆಲ್ಡಿಂಗ್ ಮಾಡಿಸಿದರೂ ಪಕ್ಕದ ಲೋಹ ಮೆತ್ತಗಾಗುತ್ತದೆ, ತೂತು ಸೊಟ್ಟಾಗುತ್ತದೆ. ಆ ಬಾಡಿ ಗುಜರಿಗೆ. ತೂತು ಮಾತ್ರ ಸಡಿಲವಾಗಿ, ಕಿವಿ ಗಟ್ಟಿಯಿದ್ದರೆ 8 ಮಿ.ಮೀ.ಗೆ ರೀಮ್ ಮಾಡಿ, ಒಳಗೆ 6 ಇರುವ ತೆಳು ಬುಷ್ (ಕೊಳವೆಯಂಥ ಒಳತುಂಡು) ಹಾಕಿ ಉಳಿಸಿಕೊಳ್ಳಬಹುದು. ಆದರೆ ಹೊಸ ತೂತಿನ ನಡುವಿನಿಂದ ಕಿವಿಯ ಅಂಚಿಗೆ ಕನಿಷ್ಠ 12 ಮಿ.ಮೀ. ಇರಬೇಕು. ಅಷ್ಟಿಲ್ಲದ್ದನ್ನು ಬೇರೆ ಪೆಟ್ಟಿಗೆಗೆ ಹಾಕಿ, ಕೆಂಪು ಬಣ್ಣ ಬಳಿದು ಶೆಡ್ಡಿನಿಂದ ಹೊರಗಿಡಿ, ಅವಸರದ ದಿನ ಮತ್ತೆ ಮೇಜಿಗೆ ಬಾರದಂತೆ.